ಉಳಿಸದೆ ಹೊರಡಲೇ

ಎಡಗಡೆ ಇದೇನಿದು, ಸಾಲಿಗೊಂದು ಬೂದು ಅಂಕಿ, ನಿನ್ನೆ ಇರಲಿಲ್ಲ, ಬೆಳಗ್ಗೆ ಬರೆಯುವಾಗ ಕಣ್ಣಿಗೇ ಬಿದ್ದಿರಲಿಲ್ಲ, ಯಾರು ಕೇಳಿದ್ದರು ಈ ಸಾಫ್ಟ್‌ವೇರಿನವರನ್ನು — ಕಪ್ಪು ತೆರೆ, ಬಿಳಿ ಅಕ್ಷರ, ಅಷ್ಟಿದ್ದರೆ ಸಾಕು ಅಂತಲೇ ಅವಳು ಹನ್ನೊಂದು ವರ್ಷದಿಂದ ಅನುವಾದದ ಕೆಲಸವನ್ನೆಲ್ಲ ಕಂಪ್ಯೂಟರಿನ ಈ ಹಳೇ ಎಡಿಟರಿನಲ್ಲಿ ಮಾಡಿಕೊಂಡು ಬಂದಿದ್ದಳು, ಈಗ ರಾತ್ರೋರಾತ್ರಿ ಹೊಸ ಆವೃತ್ತಿ ಬಂದು ಇದಕ್ಕೂ ಸಿಂಗಾರ, ಆವರಣಕ್ಕೆ ಹಸಿರು, ಪ್ರಶ್ನಾರ್ಥಕಕ್ಕೆ ಕೆಂಪು, ಹಾಳಾಗಿ ಹೋಗಲಿ, ಬಣ್ಣವನ್ನಾದರೂ ಸಹಿಸಬಹುದಿತ್ತು, ಪತ್ರ ಎಲ್ಲಿ? ತಂಗಿಗೆ ಬರೆದದ್ದು, ಆರು ವರ್ಷ ಬಾರದೆ ಸತಾಯಿಸಿ ಇವತ್ತು ಬೆಳಗ್ಗೆ ಮೂವತ್ತೆಂಟು ಸಾಲು ತಾನಾಗಿ ಇಳಿದು ಬಂದದ್ದು — ಫೋನ್ ಬೇಡ ಅಕ್ಕ, ಫೋನಲ್ಲಿ ನೀನು ಬರೀ ಹ್ಞೂ ಅಂತೀಯ, ಬರೆದು ಕಳ್ಸು, ನಾಲ್ಕಕ್ಕೆ ರೈಲು, ಊರೇ ಬಿಟ್ಟು ಹೋಗ್ತಿದೀನಿ, ಓದಿ ಮನಸ್ಸಿಗೆ ಬಂದ್ರೆ ಹತ್ತಲ್ಲ, ನಿನ್ನ ಹತ್ರ ಬರ್ತೀನಿ, ಅಂದಿದ್ದಳು — ಈಗ ಮೂರೂವರೆ. ಕೆಲಸ ಮುಗಿದರೆ ಹೊರಬರುವ ಕೀಲಿ, ತೆರೆಯ ತಳದಲ್ಲಿ ಉಳಿಸಲೇ ಎಂಬ ಪ್ರಶ್ನೆ, ಹೌದು ಅಂತ ಬೆರಳು, ಹನ್ನೊಂದು ವರ್ಷ ಕಣ್ಣು ಅತ್ತ ಹೋದದ್ದೇ ಇಲ್ಲ, ಇವತ್ತೂ ಹಾಗೇ ಒತ್ತಿದಳು, ಆಮೇಲೆ ತಾನೇ ಹೊಸ ಬದಲಾವಣೆಗಳ ಪಟ್ಟಿ ಓದಿದ್ದು, ಹತ್ತೊಂಬತ್ತನೆಯ ಸಾಲು, ಪ್ರಶ್ನೆಯನ್ನು ಇನ್ನಷ್ಟು ಸ್ಪಷ್ಟಗೊಳಿಸಲಾಗಿದೆಯಂತೆ, ಉಳಿಸಲೇ ಹೋಗಿ ಉಳಿಸದೆ ಹೊರಡಲೇ ಆಗಿದೆಯಂತೆ, ಸ್ಪಷ್ಟವಂತೆ, ಇವರ ತಲೆ! ಅದಕ್ಕೂ ಹೌದು ಅಂದುಬಿಟ್ಟಳಲ್ಲ, ಪತ್ರ ಹೋಯಿತು, ನಕಲಿಲ್ಲ, ಏನಿಲ್ಲ, ಈ ಪ್ರೋಗ್ರಾಂ ಬರೆದವರನ್ನು ಹಿಡಿದು ಕೂರಿಸಿ ಕೇಳಬೇಕು, ಇಷ್ಟು ವರ್ಷ ಒಂದೇ ಪ್ರಶ್ನೆ ಕೇಳಿ ಕೇಳಿ ಅಭ್ಯಾಸ ಹಿಡಿಸಿ, ಒಂದು ದಿನ ಸದ್ದಿಲ್ಲದೆ ತಿರುಗಿಸಿ ಕೇಳಿದರೆ, ಕೆಲಸದಲ್ಲಿ ಮುಳುಗಿದವಳಿಗೆ ಹೇಗೆ ಗೊತ್ತಾಗಬೇಕು —

ಅಕ್ಕ, ಟೀ ಇಡ್ಲಾ? ಹ್ಞೂ. ದೀಪ ಹಾಕ್ಲಾ? ಹ್ಞೂ. ಒಂದೂವರೆ ವರ್ಷ ಈ ಕೋಣೆಯ ಬಾಗಿಲಲ್ಲಿ ಅದೇ ದನಿ, ಗಂಡನ ಮನೆ ಬಿಟ್ಟು ಬಂದು ಇಲ್ಲಿದ್ದ ತಂಗಿ, ತೆರೆಯಿಂದ ಕಣ್ಣು ಕೀಳದೆ ಹ್ಞೂ, ಹ್ಞೂ, ಆಮೇಲೆ ಆರು ವರ್ಷದ ಹಿಂದಿನ ಒಂದು ಮಧ್ಯಾಹ್ನ, ಕೈಯಲ್ಲಿ ಪೆಟ್ಟಿಗೆ, ಅಕ್ಕ, ಹೊರಡ್ಲಾ? — ಹ್ಞೂ. ಪೆಟ್ಟಿಗೆ ಇತ್ತೆಂದು ಪಕ್ಕದ ಮನೆಯವರು ಹೇಳಿದ ಮೇಲೆ ಗೊತ್ತಾಯಿತು. ಮೂರು ಮುಕ್ಕಾಲು. ಬರಿ, ಇನ್ನೊಂದು ಸಲ ಬರಿ, ತಂಗೀ ಅಂತ ಹೊಡೆದಳು, ಮುಂದೆ ಒಂದಕ್ಷರ ಹೊರಡಲೊಲ್ಲದು, ಬೆಳಗಿನ ಮೂವತ್ತೆಂಟು ಸಾಲಿನಲ್ಲಿ ಏನೇನಿತ್ತು, ನನ್ನ ಕೆಲಸ, ನನ್ನ ಗಡುವು, ನನ್ನ ಕಷ್ಟ, ಥೂ, ಬಾ ಅಂತ ಒಂದು ಮಾತಿತ್ತೇ? ಸಿಟ್ಟಿಗೆ ಕೈ ಹೊರಬರುವ ಕೀಲಿಗೇ ಹೋಯಿತು, ತಳದಲ್ಲಿ ಮತ್ತೆ ಅದೇ ಪ್ರಶ್ನೆ, ಬೆರಳು ಅಭ್ಯಾಸದಂತೆ ಹೌದಿನ ಮೇಲೆ ನಿಂತಿದೆ, ಬೇಡ ಅನ್ನು, ಈಗಲಾದರೂ ಅನ್ನೇ, ಮೂರು ಐವತ್ತೆರಡು, ತೆರೆಯ ತಳದಲ್ಲಿ, ಬಾಗಿಲಲ್ಲಿ, ಕೈಯಲ್ಲಿ ಪೆಟ್ಟಿಗೆ ಹಿಡಿದು, ಉಳಿಸದೆ ಹೊರಡಲೇ