ಅಕ್ಕನ ಬೈತಲೆ

ದೇವರಿಗೂ ಯಾರೋ ಒಬ್ಬ ಗೆಳೆಯ ಇದ್ದಿರಬೇಕು. ನವಿಲಿಗೆ ಬಣ್ಣ ಹಚ್ಚುತ್ತಾ ಮೈಮರೆತಿದ್ದವನ ಕೈಯಿಂದ ಕುಂಚ ಕಿತ್ತುಕೊಂಡು, “ಸಾಕು ಕಣಯ್ಯಾ, ಏಳು” ಎಂದಿರಬೇಕು. ಇಲ್ಲದಿದ್ದರೆ ಕಾಗೆಯ ಸರದಿ ಬರುತ್ತಲೇ ಇರಲಿಲ್ಲ.

ನಮ್ಮ ಡ್ರಾಯಿಂಗ್ ಮೇಷ್ಟ್ರಿಗೆ ಅಂಥ ಗೆಳೆಯನೆಂದರೆ ಬೋರ್ಡಣ್ಣ. ಅಂಗಡಿಗಳಿಗೆ ಬೋರ್ಡು ಬರೆದು ಬದುಕಿದವನು. ಏಣಿ ಹತ್ತಿದರೆ ಕೆಲಸ ಮುಗಿಸಿಯೇ ಇಳಿಯುವವನು. ಮೇಷ್ಟ್ರು ಹಾಗಲ್ಲ. ಒಂದು ಮರ ಬರೆಯಲು ಕೂತರೆ ಎಲೆಯ ಮೇಲೆ ಎಲೆ ಹಚ್ಚಿ ಹಚ್ಚಿ ಕೊನೆಗೆ ಮರವೇ ಕಾಣದಂತೆ ಮಾಡುವವರು. ಅದಕ್ಕೇ ಮೂವತ್ತು ವರ್ಷದಿಂದ ಇಬ್ಬರ ನಡುವೆ ಒಂದು ಕಟ್ಟಳೆ: ಮೇಷ್ಟ್ರ ಚಿತ್ರ ಮುಗಿಯಿತೆಂದು ಹೇಳುವ ಹಕ್ಕು ಬೋರ್ಡಣ್ಣನದು. ಅವನು “ಸಾಕು” ಎಂದು ಕುಂಚ ಕಿತ್ತುಕೊಂಡರೆ ಅಲ್ಲಿಗೆ ಮುಗಿಯಿತು.

ಇಬ್ಬರೂ ಸೇರಿ ಮೊದಲ ಸಲ ಚಿತ್ರಪ್ರದರ್ಶನ ಇಟ್ಟಿದ್ದರು. ಗ್ರಂಥಾಲಯದ ಮೇಲಿನ ಹಜಾರ. ಎಡಗೋಡೆ ಒಬ್ಬರಿಗೆ, ಬಲಗೋಡೆ ಇನ್ನೊಬ್ಬರಿಗೆ. ಎದುರುಗೋಡೆಯ ನಟ್ಟನಡುವೆ ಮೇಷ್ಟ್ರು ಬರೆದ ಅಕ್ಕನ ಚಿತ್ರ. ತಾಯಿ ಹೋದ ಮೇಲೆ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ. ಒಂದು ವರ್ಷದಿಂದ ಪ್ರತಿ ಭಾನುವಾರ ಅವಳ ಮನೆಗೆ ಹೋಗಿ ಬರೆಯುತ್ತಿದ್ದರು. ಪ್ರತಿ ಭಾನುವಾರವೂ ಎಲ್ಲೋ ಏನೋ ತಪ್ಪಿರುತ್ತಿತ್ತು. ಕಳೆದ ಭಾನುವಾರ ಬೋರ್ಡಣ್ಣ ಅಲ್ಲಿಗೇ ಹೋಗಿ, “ಸಾಕು” ಎಂದು ಚಿತ್ರವನ್ನು ಹೊತ್ತು ತಂದಿದ್ದ.

ಹತ್ತಕ್ಕೆ ಬಾಗಿಲು ತೆರೆಯಬೇಕು. ಒಂಬತ್ತಕ್ಕೇ ಅಕ್ಕ ಬಂದಳು. ಊರುಗೋಲನ್ನು ಗೋಡೆಗೆ ಒರಗಿಸಿ, ತನ್ನ ಚಿತ್ರದ ಪಕ್ಕದ ಕುರ್ಚಿಯಲ್ಲಿ ಕೂತಳು. ಮೇಷ್ಟ್ರು ಅವಳನ್ನೊಮ್ಮೆ ನೋಡಿದರು, ಚಿತ್ರವನ್ನೊಮ್ಮೆ ನೋಡಿದರು.

“ಅಯ್ಯೋ! ನಾನು ಬೈತಲೆ ಬಲಕ್ಕೆ ಬರೆದುಬಿಟ್ಟಿದ್ದೀನಿ ಕಣೋ. ಅಕ್ಕನದು ಎಡಕ್ಕಿದೆ!”

“ಸಾಕು ಅಂದಿದ್ದೀನಿ,” ಎಂದ ಬೋರ್ಡಣ್ಣ.

“ಕೂದಲೇ ತಪ್ಪಿದ ಮೇಲೆ ಸಾಕು ಅಂದ್ರೆ ಹೇಗೋ?”

“ನಿನ್ನ ತಲೇಲಿ ಒಂದೂ ಇಲ್ಲ, ಅವರ ಕೂದಲಿನ ಚಿಂತೆ ನಿನಗೆ!”

ಮೇಷ್ಟ್ರು ಕೈಗೆತ್ತಿಕೊಂಡ ಕುಂಚವನ್ನು ಬೋರ್ಡಣ್ಣ ಕಿತ್ತುಕೊಂಡ. ಮೇಷ್ಟ್ರು ಜೇಬಿನಿಂದ ಇನ್ನೊಂದು ತೆಗೆದರು. ಅದನ್ನೂ ಕಿತ್ತುಕೊಂಡ. ಮೂರನೆಯದು ಕಾಲುಚೀಲದಲ್ಲಿತ್ತು. ಅದನ್ನು ಎತ್ತಿ ಹಿಡಿದು, ಬಣ್ಣ ತೆಳುಮಾಡುವ ಟರ್ಪೆಂಟೈನ್ ತರಲು ಹಿಂದಿನ ಕೋಣೆಗೆ ಓಡಿದರು.

ಬೋರ್ಡಣ್ಣ ಅಕ್ಕನ ಮುಂದೆ ಬಗ್ಗಿ ನಿಂತ. ಅಕ್ಷರದ ಸೊಟ್ಟವನ್ನು ದೂರದಿಂದಲೇ ಹಿಡಿಯುವ ಕಣ್ಣು ಅದು.

“ಅಕ್ಕಾ, ಭಾನುವಾರ ನಾನು ಬಂದಾಗ ಬೈತಲೆ ಬಲಕ್ಕೇ ಇತ್ತು.”

“ಇತ್ತೇನೋ.”

“ಅದರ ಹಿಂದಿನ ವಾರ?”

“ನೀನೇನು ಪೊಲೀಸೇನೋ?” ಎಂದು ನಕ್ಕು, ಅಕ್ಕ ದನಿ ತಗ್ಗಿಸಿದಳು. “ಒಂದು ವಾರ ಎಡಕ್ಕೆ ತೆಗೀತೀನಿ, ಒಂದು ವಾರ ಬಲಕ್ಕೆ. ಪಾಪ, ತನ್ನದೇ ತಪ್ಪು ಅಂದ್ಕೋತಾನೆ. ಮೊದಲು ಆರು ತಿಂಗಳಿಗೊಮ್ಮೆ ಬರ್ತಿದ್ದ, ಅದೂ ಚಪ್ಪಲಿ ಬಿಡದೆ, ಬಾಗಿಲಲ್ಲೇ ನಿಂತು. ಈಗ ಮೂರು ಗಂಟೆ ಎದುರಿಗೆ ಕೂತು ನನ್ನ ಮುಖಾನೇ ನೋಡ್ತಾನೆ. ಚಿತ್ರ ಮುಗಿದ್ರೆ ಇನ್ಯಾಕೆ ಬರ್ತಾನೆ ಹೇಳು? ನೀನು ಸಾಕು ಅಂದ ದಿನ ನನಗೆ ಊಟ ಸೇರಲಿಲ್ಲ ಕಣಪ್ಪಾ.”

ಬೋರ್ಡಣ್ಣ ತನ್ನ ಕೈಯಲ್ಲಿದ್ದ ಎರಡು ಕುಂಚಗಳನ್ನು ನೋಡಿಕೊಂಡ. ಮೂವತ್ತು ವರ್ಷದಿಂದ ಕಿತ್ತುಕೊಂಡ ಕುಂಚಗಳಲ್ಲಿ ಇವುಗಳಷ್ಟು ಭಾರವಾದವು ಬೇರೆ ಇರಲಿಲ್ಲ.

ಮೇಷ್ಟ್ರು ಏದುಸಿರು ಬಿಡುತ್ತಾ ಬಂದರು. ಬೋರ್ಡಣ್ಣ ಎರಡೂ ಕುಂಚಗಳನ್ನು ಅವರ ಜೇಬಿಗೆ ಮರಳಿ ಸಿಕ್ಕಿಸಿದ.

“ನಂದೇ ತಪ್ಪು ಕಣೋ. ಇದು ಮುಗಿದಿಲ್ಲ. ಆ ಕಿವಿ ನೋಡು, ಯಾರದೋ ತಂದು ಅಂಟಿಸಿದ ಹಾಗಿದೆ. ಬರೋ ಭಾನುವಾರದಿಂದ ಮತ್ತೆ ಕೂರು.”

ಮೇಷ್ಟ್ರು ಜೇಬಿನ ಕುಂಚಗಳನ್ನು ಮುಟ್ಟಿ ನೋಡಿಕೊಂಡರು. “ನೀನು... ಸಾಲದು ಅಂತೀಯಾ? ಮತ್ತೆ ಇವತ್ತು ಜನಕ್ಕೆ ಏನು ಹೇಳೋದು?”

“ಅದು ನನ್ನ ಕಸುಬು, ಬಿಡು.”

ಅವನು ಒಂದು ಹಳದಿ ರಟ್ಟು ಹುಡುಕಿ, ರಸ್ತೆ ಅಗೆಯುವ ಕಡೆ ನಿಲ್ಲಿಸುವಂಥ ದಪ್ಪ ಕಪ್ಪು ಅಕ್ಷರಗಳಲ್ಲಿ ಬರೆದು, ಅಕ್ಕನ ಚಿತ್ರದ ಕೆಳಗೆ ತೂಗುಹಾಕಿದ: ‘ಕಾಮಗಾರಿ ಪ್ರಗತಿಯಲ್ಲಿದೆ.’

“ಎಷ್ಟು ದಿನ ಹಿಡಿಯಬಹುದೋ?” ಎಂದು ಮೇಷ್ಟ್ರು ಕೇಳಿದರು.

“ಅದು ದೇವರಿಗೇ ಗೊತ್ತು,” ಎಂದ ಬೋರ್ಡಣ್ಣ.

ಹತ್ತು ಹೊಡೆಯಿತು. ಬಾಗಿಲು ತೆರೆಯಲು ಇಬ್ಬರೂ ಹೋದರು. ಅವರ ಬೆನ್ನು ತಿರುಗುತ್ತಲೇ ಅಕ್ಕ ಕೈಚೀಲದಿಂದ ಮೆಲ್ಲಗೆ ಬಾಚಣಿಗೆ ತೆಗೆದಳು.