ಇಲ್ಲದ ಗುಂಡಿ

ಎಷ್ಟೋ ವರ್ಷ ನಮ್ಮ ಮನೆಯಲ್ಲಿ ಎಲ್ಲ ಪ್ರಶ್ನೆಗೂ ಒಂದೇ ಉತ್ತರವಿತ್ತು: ರಸ್ತೆ ಆಗಲಿ. ಪೇಟೆಯಿಂದ ಗಾಜಿನ ಲೋಟ ತರೋಣವೇ? ರಸ್ತೆ ಆಗಲಿ, ಈಗ ತಂದರೆ ಮನೆ ಮುಟ್ಟುವಷ್ಟರಲ್ಲಿ ಚೂರಾಗಿರುತ್ತವೆ. ನನ್ನ ಅಕ್ಕನನ್ನು ನಾಲ್ಕು ದಿನ ಕರೆಸಿಕೊಳ್ಳೋಣವೇ? ರಸ್ತೆ ಆಗಲಿ, ಅವಳ ಸೊಂಟಕ್ಕೆ ಈ ಕುಲುಕಾಟ ಆಗದು. ಮಗಳು ಕೆಲಸಕ್ಕೆ ಸೇರಿದಾಗಿನಿಂದ ಕೇಳುತ್ತಿದ್ದ ಸ್ಕೂಟರಿಗೂ ನಾನು ಕೊಟ್ಟದ್ದು ಅದೇ ಉತ್ತರ.

"ರಸ್ತೆ ಆಗ್ಲಿ ಪುಟ್ಟಿ. ಆಮೇಲೆ ನೀನು ಸ್ಕೂಟರಲ್ಲೇ ಹೋಗು. ನಾನು ತುಟಿ ಬಿಚ್ಚಲ್ಲ."

ಹಾಗೆ ಹೇಳುವಾಗ ರಸ್ತೆ ಆದೀತೆಂಬ ನಂಬಿಕೆ ನನಗಿರಲಿಲ್ಲ. ಮಾತು ಕೊಡಲು ಅದಕ್ಕಿಂತ ನಿಶ್ಚಿಂತೆಯ ಗಡುವು ಬೇರೆ ಸಿಗುತ್ತಲೂ ಇರಲಿಲ್ಲ.

ಊರಿನಿಂದ ಪೇಟೆಗೆ ಹೋಗುವ ರಸ್ತೆ ಅದೊಂದೇ. ಬೆಳಗ್ಗೆ ಹೋಗುವವರೆಲ್ಲ ಸಂಜೆ ಅದರಲ್ಲೇ ಬರಬೇಕು. ನಾನು ಪೇಟೆಯ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಒದ್ದೆ ಹಾಸಿಗೆ ಹೊದಿಕೆಗಳನ್ನು ಕಾದ ಉರುಳೆಗಳ ನಡುವೆ ತೂರಿಸಿದರೆ ಆಚೆ ಬದಿಯಿಂದ ಒಣಗಿ ಚಪ್ಪಟೆಯಾಗಿ ಬರುತ್ತವೆ. ತೂರಿಸುವವಳು ನಾನು, ಎಳೆದು ಮಡಚುವವಳು ಮೈಕಕ್ಕ. ಯಂತ್ರದ ಗದ್ದಲವನ್ನೂ ಮೀರಿ ಮಾತಾಡಿ ಮಾತಾಡಿ ಅವಳ ಗಂಟಲು ಮೈಕಿನ ಹಾಗಾಗಿದೆ. ಆ ಹೆಸರು ಇಟ್ಟವರು ಯಾರೋ, ಈಗ ಅವಳ ಗಂಡನೂ ಹಾಗೇ ಕರೆಯುತ್ತಾನೆ. ನಾವಿಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಹೋಗಿಬರುವವರು.

ಆ ಬಸ್ಸಿನಲ್ಲಿ ಯಾರೂ ನಿದ್ದೆ ಮಾಡುತ್ತಿರಲಿಲ್ಲ. ನಿದ್ದೆ ಬರದೆ ಅಲ್ಲ. ಎಲ್ಲರೂ ಕತ್ತಲಿರುವಾಗಲೇ ಎದ್ದು, ಒಲೆ ಹಚ್ಚಿ, ಡಬ್ಬಿ ತುಂಬಿ, ಮಕ್ಕಳನ್ನು ಎಬ್ಬಿಸಿ ಓಡಿ ಬಂದವರೇ. ಕೂತೊಡನೆ ಕಣ್ಣು ತಾನಾಗಿ ಎಳೆಯುತ್ತಿತ್ತು. ಆದರೆ ತಲೆ ಒರಗಿಸಿದರೆ ಕಿಟಕಿಯ ಕಂಬಿಗೆ ಠಪ್ಪೆಂದು ಬಡಿಯುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಹೊಡೆತ ಮೋರಿಯ ಹತ್ತಿರ. ರಸ್ತೆ ಅಲ್ಲಿ ತಿರುಗಿ ಸಣ್ಣ ಮೋರಿಯೊಂದನ್ನು ದಾಟುತ್ತದೆ. ದಾಟಿದೊಡನೆ ಎಡಗಡೆ ಅರ್ಧ ರಸ್ತೆಯನ್ನೇ ನುಂಗಿದ ಗುಂಡಿ. ಕಲ್ಲು ತುಂಬಿಸಿದರೆ ಮಳೆಗೆ ಕಿತ್ತುಹೋಗುವುದು, ಮಣ್ಣು ತುಂಬಿಸಿದರೆ ಅದೂ. ಹಾಗಾಗಿ ಬಸ್ಸು, ಬೈಕು, ಸೈಕಲ್ಲು, ಎಲ್ಲವೂ ಅಲ್ಲಿ ಬಲಕ್ಕೆ ಹೊರಳಿ, ಎದುರಿನಿಂದ ಬರುವವರ ಜಾಗದಲ್ಲಿ ನುಗ್ಗಿ, ಮತ್ತೆ ಎಡಕ್ಕೆ ಬರಬೇಕಿತ್ತು.

"ಮೋರಿ!" ಎಂದು ಕಂಡಕ್ಟರು ಕೂಗುತ್ತಿದ್ದ. ಟಿಕೆಟ್ ಹರಿಯುತ್ತಿದ್ದರೂ ಸರಿ, ಯಾರ ಜೊತೆಗಾದರೂ ಚಿಲ್ಲರೆಗೆ ಜಗಳವಾಡುತ್ತಿದ್ದರೂ ಸರಿ, ಅಲ್ಲಿಗೆ ಬಂದಾಗ ಅದನ್ನು ನಿಲ್ಲಿಸಿ, ಕೂಗಿಯೇ ಮುಂದುವರಿಸುವನು. ಕೂಗಿದೊಡನೆ ಇಡೀ ಬಸ್ಸು ತೊಡೆಯ ಮೇಲಿನ ಊಟದ ಡಬ್ಬಿಯನ್ನು ಎದೆಗೆ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು, ಬಲಕ್ಕೆ ವಾಲುತ್ತಿತ್ತು. ಯಾರೂ ಯಾರಿಗೂ ಕಲಿಸಿದ್ದಲ್ಲ. ಹೊಸಬರು ಯಾರೆಂದು ಅವರ ಬಟ್ಟೆಯ ಮೇಲೆ ಚೆಲ್ಲಿದ ಸಾರಿನಿಂದ ಗೊತ್ತಾಗುತ್ತಿತ್ತು.

ನನ್ನ ಗಂಡನ ಕಾಲು ಮುರಿದದ್ದು ಅಲ್ಲೇ. ಗುಂಡಿ ತಪ್ಪಿಸಲು ಬೈಕನ್ನು ಬಲಕ್ಕೆ ಹೊರಳಿಸಿದರು, ಎದುರಿಗೆ ಜಲ್ಲಿ ತುಂಬಿದ ಲಾರಿ ಬಂತು. ಲಾರಿಯವನದು ತಪ್ಪಿಲ್ಲ, ಇವರದೂ ಇಲ್ಲ. ಜೀವ ಉಳಿಯಿತು. ಕಾಲಿನೊಳಗೆ ಸರಳು ಹಾಕಿದ್ದಾರೆ. ಈಗ ಮನೆಯ ಮುಂದಿನ ಕೋಣೆಯಲ್ಲಿ ಕೂತು ಫ್ಯಾನು, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ರಿಪೇರಿ ಮಾಡುತ್ತಾರೆ. ಯಾರಾದರೂ ರಸ್ತೆಯ ಮಾತೆತ್ತಿದರೆ, "ಆ ಮೋರೀಲಿ ಹಾಕಿರೋ ಕಬ್ಬಿಣಕ್ಕಿಂತ ನನ್ನ ಕಾಲಲ್ಲೇ ಜಾಸ್ತಿ ಇದೆ, ನನ್ ಮೇಲೇ ಬಸ್ ಬಿಡಿ," ಅನ್ನುತ್ತಾರೆ. ಬಂದವರು ನಗುತ್ತಾರೆ. ನಾನು ಒಳಗೆ ಪಾತ್ರೆ ಜೋಡಿಸುತ್ತಿರುತ್ತೇನೆ.

ರಸ್ತೆ ಅಗಲ ಮಾಡುತ್ತಾರೆಂದು ಮೊದಲು ಅಳತೆಗೆ ಬಂದಾಗ ಮಗಳು ಶಾಲೆಗೆ ಹೋಗುತ್ತಿದ್ದಳು. ಮರಗಳಿಗೆ, ಗೋಡೆಗಳಿಗೆ ಕೆಂಪು ಬಣ್ಣದ ಗುರುತು ಹಾಕಿ ಹೋದರು. ಬಣ್ಣ ಮಾಸಿತು. ಬೇರೆಯವರು ಬಂದು ಅಳೆದು ಹಳದಿ ಗುರುತು ಹಾಕಿದರು. ಅದೂ ಮಾಸಿತು. ಕಡೆಗೆ ಯಂತ್ರಗಳು ಬಂದವು. ಒಂದಿಡೀ ಬೇಸಿಗೆ ಧೂಳು ತಿಂದೆವು, ಒಂದಿಡೀ ಮಳೆಗಾಲ ಕೆಸರು ತುಳಿದೆವು. ಬಸ್ಸು ಅರ್ಧ ದಾರಿಯಲ್ಲೇ ನಿಲ್ಲುವುದು, ನಾವು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವುದು. ಒಗೆದ ಬಟ್ಟೆಯ ಕೆಲಸದವರೇ ಕೆಸರಾಗಿ ಬರುತ್ತೀರಲ್ಲ ಎಂದು ಮೇಲ್ವಿಚಾರಕಿಯಿಂದ ಬೈಸಿಕೊಳ್ಳುವುದು.

ಆಮೇಲೆ ಒಂದು ದಿನ ಮುಗಿದೇ ಹೋಯಿತು. ಕಪ್ಪಗೆ, ಅಗಲವಾಗಿ, ನಡುವೆ ಬಿಳಿ ಗೆರೆ ಎಳೆದುಕೊಂಡು ರಸ್ತೆ ಮಲಗಿತ್ತು. ಮೋರಿಯನ್ನು ಒಡೆದು ಹೊಸದಾಗಿ ಕಟ್ಟಿದ್ದರು. ಗುಂಡಿ ಎಲ್ಲಿತ್ತೆಂದು ಬೆರಳಿಟ್ಟು ತೋರಿಸಲೂ ಆಗದಷ್ಟು ಸಪಾಟು.

ಯಾರೂ ಕುಣಿದಾಡಲಿಲ್ಲ.

"ವಯಸ್ಸು ಕಳೆದ ಮೇಲೆ ಗಂಡು ಸಿಕ್ಕ ಹಾಗಾಗಿದೆ," ಎಂದಳು ಮೈಕಕ್ಕ, ಹೊದಿಕೆಯ ಅಂಚು ಎಳೆಯುತ್ತ. "ಖುಷಿ ಪಡೋಣ ಅಂದ್ರೆ ಅದಕ್ಕೂ ಸುಸ್ತು."

ಆ ವಾರವೇ ಮಗಳು ಸ್ಕೂಟರ್ ತಂದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಗಾಜನ್ನು ಚೌಕಟ್ಟಿನ ಅಳತೆಗೆ ಉಜ್ಜಿ ಕೂರಿಸುವ ಕೆಲಸ. ಅಂಗಡಿ ಮುಚ್ಚುವ ಹೊತ್ತಿಗೆ ನಮ್ಮ ಬಸ್ಸು ಹೊರಟಿರುತ್ತದೆ. ಮುಂದಿನದಕ್ಕೆ ಕಾದು, ಬಾಗಿಲಲ್ಲಿ ಜೋತಾಡಿಕೊಂಡು ಬರುತ್ತಿದ್ದಳು. ಸ್ಕೂಟರನ್ನು ಅಂಗಡಿಯ ಜೊತೆಗಾತಿಯಿಂದ ಕೊಂಡಿದ್ದಳು, ಹಳೆಯದು. ಓಡಿಸುವುದನ್ನು ಯಾವಾಗಲೋ ಶಾಲೆಯ ಮೈದಾನದಲ್ಲಿ ಕಲಿತಿದ್ದಳಂತೆ. ಅದು ಕೂಡ ನನಗೆ ಆಗಲೇ ಗೊತ್ತಾದದ್ದು.

ಬೀಗದ ಕೈಯನ್ನು ಅಡುಗೆಮನೆಯ ಕಟ್ಟೆಯ ಮೇಲೆ, ನಾನು ಹೆಚ್ಚಿಟ್ಟ ಈರುಳ್ಳಿಯ ಪಕ್ಕ ಇಟ್ಟಳು.

"ರಸ್ತೆ ಆಯ್ತಮ್ಮ."

"ಕಂಡೆ."

"ನೀನು ಮಾತು ಕೊಟ್ಟಿದ್ದೆ."

"ನಾನೇನು ಇಲ್ಲ ಅಂದ್ನಾ? ಮೊದಲ್ನೇ ದಿನ ನಾನೂ ಬರ್ತೀನಿ. ಹಿಂದೆ ಕೂತ್ಕೊಂಡು."

"ಕಾವಲಿಗಾ?"

"ಆಸ್ಪತ್ರೆಗೆ ಬಿಡು ಅಂತ. ಮಗಳ ಸ್ಕೂಟರಲ್ಲಿ ಹೋಗೋ ಆಸೆ ನನಗಿರಬಾರ್ದಾ?"

ಮುಂದಿನ ಕೋಣೆಯಿಂದ ಗಂಡನ ದನಿ ಬಂತು. "ಸುಳ್ಳು ಪುಟ್ಟಿ. ಸ್ಕೂಟರಿಗೆ ಇರೋ ಬ್ರೇಕ್ ಸಾಲ್ದು ಅಂತ ನಿಮ್ಮಮ್ಮ ಇನ್ನೊಂದು ಬ್ರೇಕಾಗಿ ಬರ್ತಿದಾಳೆ."

"ನೀವು ನಿಮ್ಮ ಮಿಕ್ಸಿ ನೋಡ್ಕೊಳ್ಳಿ," ಎಂದೆ.

ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಅವಳ ಅಪ್ಪನ ಕಾಲಿನ ಕಟ್ಟು ಬಿಚ್ಚಿದ ದಿನ ನಾನು ನೋಡಿದ್ದನ್ನು ಅವಳು ನೋಡಿರಲಿಲ್ಲ. ಇದೊಂದೇ ಮಗು ನನಗೆ. ಎಲ್ಲ ಸರಿಯಾಗಿದ್ದರೂ ಏನಾದರೂ ಒಂದು ನೆಪ ಸಿಗಲಿ, ಈ ಸ್ಕೂಟರ್ ವಾಪಸು ಹೋಗಲಿ ಎಂದು ಒಳಗೊಳಗೇ ಹಾರೈಸುತ್ತ ಒಗ್ಗರಣೆ ಹಾಕಿದೆ.

ಮರುದಿನ ಬೆಳಗ್ಗೆ ಹೊರಟೆವು. ಊಟದ ಡಬ್ಬಿ ನನ್ನ ತೊಡೆಯ ಮೇಲೆ, ಒಂದು ಕೈ ಅವಳ ಹೆಗಲ ಮೇಲೆ. ಅವಳು ಚೆನ್ನಾಗಿಯೇ ಓಡಿಸುತ್ತಿದ್ದಳು. ಅವಸರವಿಲ್ಲ, ಗಾಬರಿಯಿಲ್ಲ. ತಿರುವುಗಳಲ್ಲಿ ನಿಧಾನ ಮಾಡಿ ಹಾರ್ನ್ ಒತ್ತುತ್ತಿದ್ದಳು. ಹೊಸ ರಸ್ತೆಯಲ್ಲಿ ಸ್ಕೂಟರ್ ನೀರಿನ ಮೇಲೆ ಜಾರಿದ ಹಾಗೆ ಹೋಗುತ್ತಿತ್ತು. ಮೊದಲು ತೆವಳುತ್ತಿದ್ದ ಕಾರುಗಳೆಲ್ಲ ಈಗ ಸುಯ್ಯೆಂದು ಪಕ್ಕದಲ್ಲಿ ಹಾದುಹೋಗುತ್ತಿದ್ದವು. ನಾನು ಬಾಯಿ ಮುಚ್ಚಿಕೊಂಡೇ ಇದ್ದೆ.

ಮೋರಿ ಬಂತು.

ತುಟಿ ಬಿಚ್ಚುವುದಿಲ್ಲ ಎಂದಿದ್ದೆ, ಬಿಚ್ಚಲೂ ಇಲ್ಲ. ಆದರೆ ಮಾತು ಕೊಟ್ಟದ್ದು ನನ್ನ ಬಾಯಿ, ಮೈಯಲ್ಲ. ಮೋರಿಯ ಕಟ್ಟೆ ಕಣ್ಣಿಗೆ ಬಿದ್ದದ್ದೇ ತಡ, ನನ್ನ ಒಂದು ಕೈ ಡಬ್ಬಿಯನ್ನು ಎದೆಗೆ ಎತ್ತಿಕೊಂಡಿತು, ಇನ್ನೊಂದು ಕೈ ಬಸ್ಸಿನ ಕಂಬಿ ಎಂದುಕೊಂಡು ಅವಳ ಹೆಗಲನ್ನು ಬಿಗಿಯಾಗಿ ಹಿಡಿದು ಎಳೆಯಿತು, ಇಡೀ ಮೈ ಬಲಕ್ಕೆ ವಾಲಿತು. ಸ್ಕೂಟರ್ ನಮ್ಮಿಬ್ಬರನ್ನೂ ಹೊತ್ತುಕೊಂಡು ಬಿಳಿ ಗೆರೆ ದಾಟಿತು. ಎದುರಿನಿಂದ ಕಾರೊಂದು ಉದ್ದಕ್ಕೆ ಹಾರ್ನ್ ಬಾರಿಸುತ್ತ ಬರುತ್ತಿತ್ತು. ಮಗಳು ಏನು ಮಾಡಿದಳೋ, ಹೇಗೆ ತಿರುಗಿಸಿದಳೋ, ಕಾರಿನ ಗಾಳಿ ನನ್ನ ಮೊಣಕಾಲಿಗೆ ಬಡಿದು ಹೋಯಿತು. ಎಡಗಡೆಯ ಮಣ್ಣಿನ ಅಂಚಿನಲ್ಲಿ ಸ್ಕೂಟರ್ ನಿಂತಿತು. ಡಬ್ಬಿ ಕೈ ಜಾರಿ, ಮುಚ್ಚಳ ಕಳಚಿ, ಅನ್ನವೆಲ್ಲ ಹೊಸ ಡಾಂಬರಿನ ಮೇಲೆ ಚೆಲ್ಲಿತ್ತು.

ಅವಳು ಇಳಿದು ನಿಂತಳು. ಹೆಲ್ಮೆಟ್ ತೆಗೆಯಲು ಹೋದರೆ ಕೊಂಡಿ ಸಿಗುತ್ತಿರಲಿಲ್ಲ. ನಾನೇ ಬಿಚ್ಚಿದೆ, ಚಿಕ್ಕವಳಿದ್ದಾಗ ಶಾಲೆಯ ಅಂಗಿಯ ಗುಂಡಿ ಬಿಚ್ಚುತ್ತಿದ್ದ ಹಾಗೆ.

"ಸಾರಿ ಅಮ್ಮ," ಎಂದಳು. ಕಣ್ಣು ತುಂಬಿತ್ತು. "ಹೇಗೆ ತಪ್ಪಿತೋ ಗೊತ್ತಿಲ್ಲ. ನೆಟ್ಟಗೆ ಹಿಡ್ಕೊಂಡಿದ್ದೆ. ಇದ್ದಕ್ಕಿದ್ದ ಹಾಗೆ ಬಲಕ್ಕೆ ಎಳೀತು. ನನಗಿನ್ನೂ ಸರಿಯಾಗಿ ಬರಲ್ಲ ಅನ್ಸುತ್ತೆ."

ನಾನು ಹಾರೈಸಿದ ನೆಪ ತಾನಾಗಿ ಬಂದು ಕೈಯೊಳಗೆ ಕೂತಿತ್ತು. ನಾನು ಏನನ್ನೂ ಹೇಳಬೇಕಾಗಿರಲಿಲ್ಲ. ಹೂಂ ಎಂದು ತಲೆ ಆಡಿಸಿದ್ದರೂ ಸಾಕಿತ್ತು, ಸಂಜೆಗೆ ಸ್ಕೂಟರ್ ವಾಪಸು ಹೋಗುತ್ತಿತ್ತು. ನಾಳೆಯಿಂದ ಅವಳು ಮತ್ತೆ ಬಸ್ಸಿನ ಬಾಗಿಲಲ್ಲಿ ಜೋತಾಡುತ್ತಿದ್ದಳು, ನಾನು ಮತ್ತೆ ಒಲೆಯ ಮುಂದೆ ಕಿವಿಗೊಟ್ಟು ಕಾಯುತ್ತಿದ್ದೆ. ನನಗೆ ಅಭ್ಯಾಸವಿರುವ ಹೆದರಿಕೆ ಅದು. ಅವಳಿಗೆ ಮಾತ್ರ ತನ್ನ ಕೈಯ ಮೇಲೆ ನಂಬಿಕೆ ಹೋಗಿರುತ್ತಿತ್ತು. ದಿನವಿಡೀ ಕೂದಲೆಳೆಯಷ್ಟು ಅಳತೆಯಲ್ಲಿ ಗಾಜು ಉಜ್ಜುವ ಕೈ.

"ನಿನ್ನ ತಪ್ಪಲ್ಲ," ಎಂದೆ. "ಎಳೆದಿದ್ದು ನಾನು."

"ಏನಂದೆ?"

"ನಾನೇ ವಾಲಿದೆ. ನಿನ್ನ ಹೆಗಲು ಹಿಡಿದು ಎಳೆದೆ."

"ಯಾಕೆ?"

"ಗುಂಡಿ ಬಂತಲ್ಲ."

ಅವಳು ರಸ್ತೆ ನೋಡಿದಳು, ನನ್ನನ್ನು ನೋಡಿದಳು. "ಯಾವ ಗುಂಡಿ ಅಮ್ಮ?"

ನಾನು ಕೈ ತೋರಿಸಿದೆ. ತೋರಿಸಿದ ಕಡೆ ಬಿಸಿಲಿಗೆ ಹೊಳೆಯುವ ಡಾಂಬರು, ಅದರ ಮೇಲೆ ನನ್ನ ಮಧ್ಯಾಹ್ನದ ಊಟ. ಒಂದು ಕಾಗೆ ಆಗಲೇ ಬಂದು ಕೂತಿತ್ತು.

ಅವಳಿಗೆ ಮೊದಲು ಸಿಟ್ಟು ಬಂತು. "ಇಬ್ರೂ ಸತ್ತಿರ್ತಿದ್ವಿ!" ಎಂದು ಕೂಗಿದಳು. ಆಮೇಲೆ ಅತ್ತಳು. ಆಮೇಲೆ ಕಾಗೆಯನ್ನು ನೋಡಿ, ಮೂಗು ಒರೆಸಿಕೊಳ್ಳುತ್ತ, "ಅದಕ್ಕಾದ್ರೂ ಹೊಸ ರಸ್ತೆಯಿಂದ ಲಾಭ ಆಯ್ತು," ಎಂದಳು. ಥೇಟು ಅಪ್ಪನ ಮಗಳು.

"ನೀನು ಹೋಗು ಪುಟ್ಟಿ, ಲೇಟಾಗುತ್ತೆ. ನಾನು ಬಸ್ಸಿಗೆ ಬರ್ತೀನಿ."

"ಒಬ್ಳೇ ಹೋಗ್ಲಾ?"

"ಒಬ್ಳೇ ಹೋದ್ರೆ ಸ್ಕೂಟರಿಗೆ ಒಂದೇ ತಲೆ ಇರುತ್ತೆ. ಹೋಗು."

ಅವಳು ಹೋದಳು. ತಿರುವಿನಲ್ಲಿ ಮರೆಯಾಗುವವರೆಗೂ ನೋಡಿ, ಡಬ್ಬಿಯನ್ನು ಎಲೆಯಿಂದ ಒರೆಸಿ, ಬಸ್ಸಿಗೆ ಕೈ ಅಡ್ಡ ಹಾಕಿದೆ. ಸಂಜೆ ಮನೆಯಲ್ಲಿ ಇಬ್ಬರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಗಂಡ ಈ ಸಲ ತಮಾಷೆ ಮಾಡಲಿಲ್ಲ. ಕಾಲನ್ನು ಸ್ಟೂಲಿನ ಮೇಲೆ ಎತ್ತಿಟ್ಟುಕೊಂಡು ಬಹಳ ಹೊತ್ತು ಒಂದು ತಿರುಪನ್ನು ಬಿಗಿ ಮಾಡುತ್ತಲೇ ಇದ್ದರು. "ಅಲ್ಲಿಗೆ ಬಂದ್ರೆ ನನ್ನ ಮೈಯೂ ಹಾಗೇ ವಾಲ್ತಿತ್ತು," ಎಂದರು ಕಡೆಗೆ.

ಮರುದಿನ ಮಗಳು ನನಗಿಂತ ತುಸು ತಡವಾಗಿ, ಒಬ್ಬಳೇ ಹೊರಡುವುದೆಂದಾಯಿತು. ನಾನು ಯಥಾಪ್ರಕಾರ ಬಸ್ಸಿನಲ್ಲಿ, ಕಿಟಕಿಯ ಪಕ್ಕ. ಮೈಕಕ್ಕ ತನ್ನ ಅತ್ತಿಗೆಯ ಮಂಡಿನೋವಿನ ಕತೆ ಹೇಳುತ್ತಿದ್ದಳು. ಮೋರಿ ಹತ್ತಿರವಾಗುತ್ತಿದ್ದಂತೆ ಹಿಂದಿನಿಂದ ಸ್ಕೂಟರಿನ ಸದ್ದು ಕೇಳಿತು. ನನಗೆ ಗೊತ್ತಾಯಿತು. ತಿರುಗಿ ನೋಡಲು ಧೈರ್ಯವಾಗಲಿಲ್ಲ.

"ಮೋರಿ!" ಎಂದು ಕೂಗಿದ ಕಂಡಕ್ಟರು.

ಇಡೀ ಬಸ್ಸು ಡಬ್ಬಿ ಎತ್ತಿಕೊಂಡಿತು, ಕಂಬಿ ಹಿಡಿಯಿತು, ಬಲಕ್ಕೆ ವಾಲಿತು. ನಾನೂ, ಮೈಕಕ್ಕನೂ. ಬಸ್ಸು ಮಾತ್ರ ವಾಲಲಿಲ್ಲ. ಸುಮ್ಮನೆ ನೆಟ್ಟಗೆ ಹೋಗುತ್ತಿತ್ತು. ಅಷ್ಟು ಜನ ಎದೆಗೆ ಡಬ್ಬಿ ಅವಚಿಕೊಂಡು, ಬಾರದ ಹೊಡೆತಕ್ಕೆ ಕಾಯುತ್ತ ಓರೆಯಾಗಿ ಕೂತಿದ್ದೆವು.

"ಯಾಕ್ರೀ ಕೂಗ್ತೀರಾ ಇನ್ನೂ?" ಎಂದು ಯಾರೋ ಕೇಳಿದರು.

"ಬಾಯಿ ಕೇಳಲ್ಲಮ್ಮ," ಎಂದ ಕಂಡಕ್ಟರು. "ನೀವ್ಯಾಕೆ ವಾಲ್ತೀರಾ ಇನ್ನೂ?"

ಒಂದಿಷ್ಟು ಜನ ನಕ್ಕರು. ಅಷ್ಟರಲ್ಲಿ ಸ್ಕೂಟರ್ ನನ್ನ ಕಿಟಕಿಯನ್ನು ದಾಟಿ ಮುಂದೆ ಬಂತು. ಮಗಳು ಬಸ್ಸಿನ ಕಡೆ ನೋಡಲಿಲ್ಲ. ಅವಳ ಕಣ್ಣು ರಸ್ತೆಯ ಮೇಲಿತ್ತು. ಗುಂಡಿಯಿದ್ದ ಜಾಗದ ಮೇಲೆ, ಅತ್ತಿತ್ತ ಅಲುಗದೆ, ಗೆರೆ ಎಳೆದ ಹಾಗೆ ಹಾದುಹೋದಳು. ಬೆನ್ನು ನೆಟ್ಟಗಿತ್ತು. ಸ್ವಲ್ಪ ಹೊತ್ತು ಕಾಣಿಸಿದಳು, ಮುಂದಿನ ಏರು ದಾಟಿ ಮರೆಯಾದಳು.

ಡಬ್ಬಿಯನ್ನು ತೊಡೆಯ ಮೇಲೆ ಇಳಿಸಿದೆ. ಇನ್ನೂ ಬೆಚ್ಚಗಿತ್ತು. ಮೈಕಕ್ಕ ಮತ್ತೆ ಅತ್ತಿಗೆಯ ಮಂಡಿಗೆ ಬಂದಿದ್ದಳು. ಹೂಂ ಎನ್ನುತ್ತಲೇ ತಲೆಯನ್ನು ಕಿಟಕಿಯ ಕಂಬಿಗೆ ಒರಗಿಸಿದೆ. ಅದು ಬಡಿಯಲಿಲ್ಲ.

"ಏಯ್, ಏಳೇ," ಎಂದು ಮೈಕಕ್ಕ ತೋಳು ಅಲುಗಿಸುತ್ತಿದ್ದಳು. "ಆಸ್ಪತ್ರೆ ಬಂತು. ಕತೆ ಮಧ್ಯದಲ್ಲೇ ಗೊರಕೆ ಹೊಡೀತೀಯಲ್ಲ, ನಾಚಿಕೆ ಆಗಲ್ವಾ?"