ಒಡಪಕ್ಕೆ ಮೂರು ಹಲ್ಲು

ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ದೇವವ್ವ ಹನ್ನೊಂದು ವರ್ಷ ಹೇಳಿಕೊಂಡು ಬಂದಿದ್ದಳು. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿ ತಡವಾಗಿ ಮನೆಗೆ ಬಂದಳೆಂದು ಗಂಡ ತಿರಕಪ್ಪ ಒಂದೇ ಗುದ್ದಿಗೆ ಅವಳ ಮುಂದಿನ ಮೂರು ಹಲ್ಲು ಉದುರಿಸಿದ್ದ. ಅದನ್ನಾದರೂ ಅವಳು ನುಂಗಿಕೊಳ್ಳುತ್ತಿದ್ದಳೇನೋ. ನುಂಗಲಾಗದ್ದು ಮೈದುನನ ಮದುವೆಯಲ್ಲಾದದ್ದು. ಒಡಪ ಹಾಕಿ, ಪ್ರಾಸ ಕಟ್ಟಿ ಗಂಡನ ಹೆಸರು ಹೇಳು ಎಂದು ಹೆಂಗಸರು ಗಂಟುಬಿದ್ದಾಗ, ತಿರಕಪ್ಪ ಎನ್ನಹೋಗಿ ‘ಹಿರಕಪ್ಪ’ ಎಂದು ಬಾಯಿಂದ ಬರೀ ಗಾಳಿ ಹೊರಟಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ತಿರಕಪ್ಪನೇ.

“ಗಂಡನ ಹೆಸರು ಹೇಳಾಕ ಬರದಾಕಿನ್ನ ಕಟಗೊಂಡೇನ್ರಪ್ಪೋ!”

ತೊಂಬತ್ತಾರನೇ ಇಸವಿಯಲ್ಲಿ, ಮೆಣಸಿನ ರಾಶಿಯ ಪಕ್ಕ ಕೂತ ಕುಲ್ಸುಮಬಿ ಸುದ್ದಿ ತಂದಳು. “ದಾವಣಗೆರ್ಯಾಗ ಎಲುಬಿಗೆ ತಿರುಪು ಕೂಡ್ರಿಸಿ ಹಲ್ಲು ನೆಡತಾರಂತ. ಕಲಿಯೋ ಡಾಕ್ಟರು, ಪುಕ್ಕಟೆ.”

“ಮೆಣಸಿನ ಸಸಿ ನೆಟ್ಟಂಗೇನ?”

“ಹೂಂ, ನೀರು ಹಾಯ್ಸೂದೊಂದು ಕಮ್ಮಿ.”

ತಿರಕಪ್ಪ ತಕರಾರು ಮಾಡಲಿಲ್ಲ. “ಮಗಳ್ನ ಕೊಟ್ಟ ರಾಣೆಬೆನ್ನೂರ ಬೀಗರ ಮುಂದ ನಿನ್ನ ಬೊಚ್ಚಬಾಯಿ ಚಂದ ಕಾಣೂದಿಲ್ಲ. ಹೋಗು, ಹಾಕಿಸ್ಕೊಂಬಾ.”

“ತೆಗೆದು ಹಾಕೋ ಹಲ್ಲಿನ ಸೆಟ್ಟು ಸಾಕಲ್ವಾ ಅಮ್ಮಾ? ಇದು ಆರು ತಿಂಗಳ ಕೆಲಸ,” ಎಂದಳು ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರಿಕೆ ಕಲಿಯುತ್ತಿದ್ದ ಹುಡುಗಿ.

“ಹೆಸರು ಹೇಳೂ ಮುಂದ ಸೆಟ್ಟು ಜಾರಿದ್ರ? ಬ್ಯಾಡವ್ವಾ, ತಿರುಪ ಹಾಕು.”

ಎಲುಬು ತಿರುಪನ್ನು ಹಿಡಿಯುವವರೆಗೆ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗಿದಳು. ಮೆಣಸಿನ ಘಾಟು ಒಸಡಿಗೆ ಹತ್ತಿ ಉರಿದಾಗೆಲ್ಲ ಒಡಪದ ಒಂದೊಂದು ಮಾತು ಜೋಡಿಸಿದಳು. ಹಲ್ಲು ಕೂತ ದಿನ ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಬ್ಯಾಡಗಿ ಬರುವತನಕ ಅದೊಂದೇ ಹೆಸರು: ತಿ, ರ, ಕಪ್ಪ. ಸಿಳ್ಳೆಯಿಲ್ಲ, ಸೋರಿಕೆಯಿಲ್ಲ.

ಬಸುರಿ ಮಗಳ ಕುಬಸಕ್ಕೆ ಬೀಗರ ಪಡಸಾಲೆ ತುಂಬಿತ್ತು. ತಿರಕಪ್ಪ ಹಿರೇ ಮನುಷ್ಯನ ಹಾಗೆ ಲೋಡಿಗೆ ಒರಗಿ, ಹೆಂಡತಿಯನ್ನು ಹೇಗೆ ಬಾಳಿಸಬೇಕೆಂದು ಅಳಿಯನಿಗೆ ಉಪದೇಶ ಹೇಳುತ್ತಿದ್ದ. ಹೆಂಗಸರು ಒಡಪಕ್ಕೆ ಕೂಗಿದರು. ಅವನು ಆಗಲೇ ನಗಲು ಬಾಯಿ ತೆರೆದ.

ದೇವವ್ವ ಸೆರಗು ಸರಿಮಾಡಿಕೊಂಡಳು.

“ಹಾವೇರಿ ಏಲಕ್ಕಿ ಹಾರ ಮಗಳ ಕೊರಳಾಗ,
ಹೊಸಾ ಹಲ್ಲು ಮೂರು ಕುಂತಾವ ನನ್ನ ಬಾಯಾಗ;
ಹಳೇವು ಬಿದ್ದದ್ದು ಬಚ್ಚಲದಾಗ ಜಾರಿ ಅಲ್ಲ,
ತಿರಕಪ್ಪರಾಯರು ಗುದ್ದಿದ ಏಟಿನ್ಯಾಗ!”

ಅಳಿಯ ಮಾವನ ಪಕ್ಕದಿಂದ ಎದ್ದು ಗೋಡೆಯ ಕಡೆ ಸರಿದ. ತಿರಕಪ್ಪ ಹಲ್ಲು ಕಿರಿದು, “ಹೆಂಗಸರ ಚ್ಯಾಷ್ಟಿ…” ಎಂದವನು, ಯಾರೂ ನಗದ್ದು ನೋಡಿ ಅಷ್ಟಕ್ಕೇ ನಿಲ್ಲಿಸಿದ.

ಮೂಲೆಯಲ್ಲಿದ್ದ ಅಳಿಯನ ಅಜ್ಜಿ ಉಚ್ಚಂಗೆವ್ವ ಕಿವಿಗೆ ಕೈ ಕೊಟ್ಟಳು.

“ಯವ್ವಾ, ನನಗ ಕಿವಿ ಮಂದ. ಕಡೀ ಮಾತು ಇನ್ನೊಮ್ಮಿ ಹೇಳ.”

ದೇವವ್ವ ಈ ಸಲ ಎದ್ದು ನಿಂತು ಹೇಳಿದಳು.